ಬಸಗೌಡ ಸರ್ ಜೊತೆ ಸಮುದ್ರದ ತಳದ ಮೇಲೆ

ಕೋಪನ್‌ಹೇಗನ್: ಒಂದು ಉದ್ದ, ಎರಡು ಗಿಡ್ಡ

ಡೆನ್ಮಾರ್ಕಿನ ನೆಲದ ಮೇಲೆ ಕಾಲಿಟ್ಟ ಹತ್ತನೇ ನಿಮಿಷಕ್ಕೆ ನಮ್ಮ ಬಸಗೌಡ ಸರ್ ಸೀಟಿ ಊದಿದರು.

ತಪ್ಪು ನನ್ನದೇ. ಪಾಸ್‌ಪೋರ್ಟ್ ನೋಡುವ ಕಡೆ ನಾನು ಯುರೋಪಿನವರ ಸಾಲಿನಲ್ಲಿ ಹೋಗಿ ನಿಂತಿದ್ದೆ. ಪರದೇಶದಲ್ಲಿ ಹೆಸರು ಹಿಡಿದು ಒದರಬಾರದು ಎಂದು ಸರ್‌ಗೆ ಯಾರೋ ಬೆಳಗಾವಿಯಲ್ಲಿ ಬುದ್ಧಿ ಹೇಳಿ ಕಳಿಸಿದ್ದರು. ಅದಕ್ಕೆ ಅವರು ಒದರಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಸೀಟಿ ಬಾಯಿಗಿಟ್ಟು ಒಂದು ಉದ್ದ, ಎರಡು ಗಿಡ್ಡ ಊದಿದರು. ನಮ್ಮ ಶಾಲೆಯ ಮೈದಾನದಲ್ಲಿ ಅದರ ಅರ್ಥ ‘ಇದ್ದಲ್ಲಿಂದ ಓಡಿ ಬಾ’. ಆ ಹಜಾರದಲ್ಲಿ ಅದಕ್ಕೆ ಬೇರೇನೋ ಅರ್ಥ ಇದ್ದಿರಬೇಕು. ನೂರಾರು ಜನ ನಿಂತಲ್ಲೇ ಗಪ್ಪಾದರು. ಓಡಿ ಬಂದವರು ಇಬ್ಬರು ಪೊಲೀಸರು.

ಅವರಲ್ಲಿ ಒಬ್ಬಾಕೆ ನಮ್ಮ ಜೋಳದ ದಂಟಿನಷ್ಟು ಎತ್ತರ. ಸರ್‌ರ ಖಾಕಿ ಅಂಗಿ, ಕೊರಳಿನ ಸ್ಕಾರ್ಫು, ಎದೆ ತುಂಬ ಹೊಲಿದ ಬಿಲ್ಲೆಗಳನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಸಡಿಲವಾಯಿತು. ಎಡಗೈ ಮುಂದೆ ಚಾಚಿದಳು. ಚಿಕ್ಕವಳಿದ್ದಾಗ ಅವಳೂ ಸ್ಕೌಟ್ ಆಗಿದ್ದಳಂತೆ.

ಸ್ಕೌಟ್ ಮಂದಿ ಎಲ್ಲಿ ಹೋದರೂ ಎಡಗೈಯನ್ನೇ ಕುಲುಕುತ್ತಾರೆ. ಅದು ಎದೆಗೆ ಹತ್ತಿರದ ಕೈ, ನಿಷ್ಠೆಯ ಕೈ ಎಂದು ಪಾಠ. ಗೋಕಾಕ, ಹುಕ್ಕೇರಿ ಕಡೆಯವರು ಎಡಗೈಯನ್ನು ಯಾವ ಕೆಲಸಕ್ಕೆ ಮೀಸಲಿಟ್ಟಿದ್ದೇವೆ ಎಂಬುದನ್ನು ಬಿಡಿಸಿ ಹೇಳುವುದು ಬೇಡ. ನಮ್ಮ ಹುಡುಗಿಯರಿಗೆ ಈ ಪಾಠ ಮಾಡುವಾಗಲೆಲ್ಲ ಹಿಂದಿನ ಬೆಂಚಿನಿಂದ ಕಿಸಿಕಿಸಿ ನಗು ಬರುತ್ತದೆ. ಸರ್ ಮಾತ್ರ ಹೆಮ್ಮೆಯಿಂದ ಪೊಲೀಸಮ್ಮನ ಎಡಗೈ ಕುಲುಕಿ ನನ್ನ ಕಡೆ ತಿರುಗಿದರು.

“ನೋಡಿದಿ? ಇಡೀ ದುನಿಯಾದಾಗ ನಮ್ಮ ಮಂದಿ ಅದಾರ.”

“ಹೌದ್ರಿ ಸರ್. ಸೀಟಿ ಕಿಸೇದಾಗ ಇಡ್ರಿ ಮೊದಲ,” ಎಂದೆ.

ನಾನು ಸುಜಾತಾ. ಹುಟ್ಟಿದ್ದು ಅಂಕಲಗಿ, ಕನ್ನಡ ಕಲಿಸುವುದು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ, ಅಲ್ಲೇ ಹುಡುಗಿಯರ ಗೈಡ್ಸ್ ದಳವನ್ನೂ ನಡೆಸುತ್ತೇನೆ. ಬಸಗೌಡ ಸರ್ ಹುಕ್ಕೇರಿಯವರು, ನಿವೃತ್ತ ಡ್ರಿಲ್ ಮಾಸ್ತರು, ನನಗೆ ಸ್ಕೌಟಿಂಗ್ ಕಲಿಸಿದವರು. ಹಿಂದಿನ ವರ್ಷ ನಿಡಸೋಸಿ ಹತ್ತಿರ ನಡೆದ ಶಿಬಿರಕ್ಕೆ ಡೆನ್ಮಾರ್ಕಿನಿಂದ ಕಿರ್ಸ್ಟನ್ ಎಂಬ ಹಿರಿಯ ಸ್ಕೌಟ್ ಬಂದಿದ್ದರು. ದಿಕ್ಸೂಚಿ ಹಿಡಿದು ದಾರಿ ಹುಡುಕುವ ವಿದ್ಯೆಯಲ್ಲಿ ಸರ್ ನಮ್ಮ ಭಾಗಕ್ಕೆಲ್ಲ ಹೆಸರಾದವರು. ಅವರು ಪಾಠ ಮಾಡಿದ ರೀತಿಗೆ ಆಕೆ ಬೆರಗಾಗಿ, ತಮ್ಮೂರಿನ ದಳನಾಯಕರ ಶಿಬಿರಕ್ಕೆ ಸರ್‌ರನ್ನೂ ಜೊತೆಗೆ ನನ್ನನ್ನೂ ಕರೆದಿದ್ದರು.

ರೈಲು: ಎಮ್ಮೆಗಳು

ಶಿಬಿರ ಇದ್ದದ್ದು ಪಶ್ಚಿಮ ಕರಾವಳಿಯ ರಿಬೆ ಎಂಬ ಹಳೆಯ ಊರಿನ ಹತ್ತಿರ. ರೈಲಿನಲ್ಲಿ ನಮಗೆ ಸಿಕ್ಕ ಡಬ್ಬಿಯ ಗಾಜಿನ ಮೇಲೆ ತುಟಿಗೆ ಬೆರಳಿಟ್ಟ ಚಿತ್ರ ಇತ್ತು. ಅಲ್ಲಿ ಮಾತಾಡಬಾರದಂತೆ. ಘಟಪ್ರಭಾ ಸ್ಟೇಷನ್ನಿನಲ್ಲಿ ಹತ್ತಿ ಬೆಳಗಾವಿ ಮುಟ್ಟುವುದರೊಳಗೆ ಎದುರಿನ ಸೀಟಿನವರ ಮಗಳ ಮದುವೆ ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಎಂದು ತಿಳಿದುಕೊಳ್ಳುವ ಮಂದಿ ನಾವು. ಒಂದು ತಾಸು ಬಾಯಿ ಮುಚ್ಚಿ ಕೂತು ನನಗೆ ದವಡೆ ನೋಯತೊಡಗಿತು. ಸರ್‌ಗೂ ತಡೆಯಲಾಗಲಿಲ್ಲ.

“ಏನ್ ಎಮ್ಮಿ ಅದಾವ ನೋಡ ಸುಜಾತಾ! ಎಲ್ಲಾ ಸಾಲಾಗಿ ಮಲಗ್ಯಾವ.”

ಕಿಟಕಿಯಿಂದ ನೋಡಿದೆ. ಹೊಲದಲ್ಲಿ ಒಂದೂ ಎಮ್ಮೆ ಇರಲಿಲ್ಲ. ಕರಿ ಪ್ಲಾಸ್ಟಿಕ್ ಸುತ್ತಿ ಉರುಳಿಸಿಟ್ಟ ಹುಲ್ಲಿನ ಉಂಡೆಗಳಿದ್ದವು.

“ಸರ್, ಅವು ಎಮ್ಮಿ ಅಲ್ರಿ. ಹುಲ್ಲಿನ ಪೆಂಡಿ.”

ಸರ್ ಅಂಗೈಯಿಂದ ಕಿಟಕಿಯ ಗಾಜು ಒರೆಸಿ ಮತ್ತೆ ನೋಡಿದರು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು. “ಕಣ್ಣಾಗ ಪೊರಿ ಬಂದೈತಿ. ಎರಡೂ ಕಣ್ಣಾಗ.”

“ಆಪರೇಷನ್ ಮಾಡಿಸ್ಬೇಕಿಲ್ರಿ?”

“ಮಾಡಿಸ್ಕೊಂತ ಕುಂತಿದ್ರ ಬರಾಕ ಆಗ್ತಿರಲಿಲ್ಲ. ಹೇಳಿದ್ರ ನನ್ನ ಬದ್ಲಿ ಬ್ಯಾರೇದವರನ್ನ ಕಳಸ್ತಿದ್ರು. ಅರವತ್ತಾರು ಆತು. ಇನ್ನೊಮ್ಮಿ ಯಾರ ಕರೀತಾರ ನನ್ನ?” ಈಗ ನನ್ನ ಕಡೆ ತಿರುಗಿದರು. “ಯಾರ ಮುಂದೂ ಹೇಳಬ್ಯಾಡ. ದಿಕ್ಸೂಚಿ ಹಿಡಿಯೂ ಮುಂದ ನೀ ನನ್ನ ಬಾಜೂ ನಿಂತು ಅಂಕಿ ಹೇಳು. ಕನ್ನಡದಾಗ ಹೇಳು, ಯಾರಿಗೆ ತಿಳೀತೈತಿ? ಮಾತು ಕೊಡು.”

ನಾನು ಮೂರು ಬೆರಳು ಎತ್ತಿ ಸ್ಕೌಟ್ ಮಾತು ಕೊಟ್ಟೆ. ಎದುರು ಕೂತ ಅಜ್ಜಿ ನಮ್ಮನ್ನೇ ದುರುಗುಟ್ಟಿ ನೋಡಿ, ತುಟಿಗೆ ಬೆರಳಿಟ್ಟ ಆ ಚಿತ್ರವನ್ನು ತೋರಿಸಿದಳು.

ಹಾಗೆ ಸಲೀಸಾಗಿ ಮಾತು ಕೊಟ್ಟದ್ದಕ್ಕೆ ಕಾರಣ ಇದೆ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಸರ್ ಅಂಕಲಗಿಗೆ ಡ್ರಿಲ್ ಮಾಸ್ತರಾಗಿ ಬಂದು ಹುಡುಗಿಯರ ದಳ ಕಟ್ಟಿದರು. ಗೋಕಾಕ ಫಾಲ್ಸಿನಲ್ಲಿ ಶಿಬಿರ. ಅಡುಗೆ ಪಾಳಿ ನನಗೆ ಬಂದ ದಿನ, ನಮ್ಮ ಕೇರಿಯ ಹುಡುಗಿ ಬಡಿದ ರೊಟ್ಟಿ ತಮ್ಮ ಮಕ್ಕಳು ಉಣ್ಣಬಾರದೆಂದು ಕೆಲವು ಪಾಲಕರು ಅಲ್ಲಿಗೇ ಬಂದು ನಿಂತರು. ಸರ್ ಅವರೊಡನೆ ವಾದ ಮಾಡಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಐದು ರೊಟ್ಟಿ ತಿಂದರು. ನಾಲ್ಕಕ್ಕೇ ಹೊಟ್ಟೆ ತುಂಬಿತ್ತು, ಐದನೆಯದು ಬರೇ ಹಟಕ್ಕೆ. ಬಿಕ್ಕಳಿಕೆ ಹತ್ತಿತು. ಬಿಕ್ಕುತ್ತಲೇ, “ರೊಟ್ಟಿ ದಪ್ಪ ಆಗ್ಯಾವ, ನಾಳೆ ತೆಳ್ಳಗ ಬಡಿ,” ಎಂದರು. ಹುಡುಗಿಯರು ತಾಟು ಹಿಡಿದು ಸಾಲು ನಿಂತರು. ಅವತ್ತಿನಿಂದ ನಾನು ಬಸಗೌಡ ಸರ್ ಕಡೆಯವಳು. ಮನುಷ್ಯ ಜಂಬದವರು, ಹಟಮಾರಿ, ಒಂದು ಸಲವೂ ಶಾಭಾಸ್ ಅಂದವರಲ್ಲ. ಅದೆಲ್ಲ ಗೊತ್ತಿದ್ದೇ ಅವರ ಕಡೆಯವಳು.

ಶಿಬಿರ: ಸೌತೆಕಾಯಿ ಮೇಲಿನ ಬಾವುಟ

ಡೆನ್ಮಾರ್ಕಿನ ಮಂದಿ ಬಾವುಟದ ಹುಚ್ಚರು. ಮನೆ ಮನೆಯ ಹಿತ್ತಲಲ್ಲಿ ಕಂಬ. ಅಂಗಡಿಯಲ್ಲಿ ಸೌತೆಕಾಯಿ ಮೇಲೂ ಬಾವುಟದ ಚೀಟಿ. ನಮ್ಮ ಹಾಗೆಯೇ ಶಿಬಿರಕ್ಕೆಂದು ಪೋರ್ಚುಗಲ್ಲಿನಿಂದ ಬಂದಿದ್ದ ತೆರೇಸಾ ಎಂಬ ದಳನಾಯಕಿಯ ಹುಟ್ಟುಹಬ್ಬಕ್ಕೆ ಕೇಕು ತಂದರು. ಅದರ ಮೇಲೆ ಹನ್ನೆರಡು ಸಣ್ಣ ಬಾವುಟ ಚುಚ್ಚಿದ್ದರು. ಸರ್ ಕೇಕು ಕಂಡದ್ದೇ ಎದ್ದು ಅಟೆನ್ಷನ್ನಿನಲ್ಲಿ ನಿಂತುಬಿಟ್ಟರು.

“ಸರ್, ಕುಂಡ್ರಿ. ಕೇಕು ತಿನ್ನೂದು ಐತಿ.”

“ರಾಷ್ಟ್ರಧ್ವಜ ಐತಿ ಅದರ ಮ್ಯಾಲ. ಹೆಂಗ ಕುಂಡ್ರಲಿ?”

ನಮ್ಮಲ್ಲಿ ಧ್ವಜದ ಗಂಟು ಒಂದು ಸೆಕೆಂಡು ತಡವಾಗಿ ಬಿಚ್ಚಿಕೊಂಡರೆ ಹೆಡ್‌ಮಾಸ್ತರರ ಮುಖದಲ್ಲಿ ಬೆವರು. ಇಲ್ಲಿ ಅದೇ ಧ್ವಜಕ್ಕೆ ಹತ್ತಿದ ಕೆನೆಯನ್ನು ನೆಕ್ಕಿ ಬಾಜೂಕ್ಕೆ ಇಡುತ್ತಾರೆ. ಶಿಬಿರದ ಮುಖ್ಯಸ್ಥೆ ಕಿರ್ಸ್ಟನ್ ನಗುತ್ತ, “ಇದು ನಮ್ಮ ಮನೆಯ ಸಂತೋಷದ ಬಟ್ಟೆ, ಹೆದರಿಕೆಯದಲ್ಲ,” ಎಂದು ವಿವರಿಸಿದರು. ಸರ್ ಕೂತರು. ಆದರೆ ತಮ್ಮ ಪಾಲಿನ ಬಾವುಟವನ್ನು ಒರೆಸಿ, ಮಡಚಿ ಕಿಸೆಯಲ್ಲಿಟ್ಟುಕೊಂಡ ಮೇಲೆಯೇ ಕೇಕಿಗೆ ಕೈ ಹಾಕಿದ್ದು.

ಸಂಜೆ ಹಿಟ್ಟನ್ನು ಕೋಲಿಗೆ ಹಾವಿನಂತೆ ಸುತ್ತಿ ಬೆಂಕಿಗೆ ಹಿಡಿಯುವ ರೊಟ್ಟಿ. ಹೊರಗೆ ಇದ್ದಿಲು, ಒಳಗೆ ಹಸಿ ಹಿಟ್ಟು. ಇದು ಅವರ ಪರಂಪರೆಯಂತೆ. ಪರಂಪರೆ ಅಂದ ಮೇಲೆ ಎಲ್ಲ ದೇಶದವರೂ ಬಾಯಿ ಮುಚ್ಚಿ ನುಂಗುತ್ತಾರೆ. ನಾವೂ ನುಂಗಿದೆವು.

ನಮ್ಮ ಕನ್ನಡದ ಗುಟ್ಟು ಮೂರು ದಿನ ಸೊಗಸಾಗಿ ನಡೆಯಿತು. ಕಾಡಿನಲ್ಲಿ ದಿಕ್ಸೂಚಿ ಆಟ. ನಾನು ಬಾಜೂ ನಿಂತು ಸಹಜವಾಗಿ ಹರಟೆ ಹೊಡೆದಂತೆ, “ನೂರಾ ನಲವತ್ರಿ ಸರ್, ಒಂದೀಟ ಬಲಕ್ಕ,” ಎನ್ನುವುದು, ಸರ್ ಗಂಟಲೆತ್ತಿ ಆರ್ಡರ್ ಕೊಡುವುದು. ಎಲ್ಲರೂ ಚಪ್ಪಾಳೆ. ಭಾರತದವರು ಎಷ್ಟು ಸ್ನೇಹದಿಂದ ಮಾತಾಡುತ್ತ ಕೆಲಸ ಮಾಡುತ್ತೀರಿ ಎಂದು ತೆರೇಸಾ ಮೆಚ್ಚಿಕೊಂಡಳು. ನಾನು ಹಲ್ಲು ಕಿರಿದೆ.

ಸಮುದ್ರದ ತಳ

ಆ ಕರಾವಳಿಯ ಸಮುದ್ರ ದಿನಕ್ಕೆ ಎರಡು ಸಲ ಮನೆ ಬಿಟ್ಟು ಹೋಗುತ್ತದೆ. ಕಣ್ಣು ಹಾಯುವವರೆಗೆ ಬೂದು ಮಣ್ಣು, ನಡುವೆ ಹಳ್ಳದಂಥ ಕಾಲುವೆಗಳು. ಎದುರಿನ ದ್ವೀಪಕ್ಕೆ ನಡೆದೇ ಹೋಗಬಹುದು, ನೀರು ತಿರುಗಿ ಬರುವುದರೊಳಗೆ ಮುಟ್ಟಿದರೆ. ಕಿರ್ಸ್ಟನ್ ಅಲ್ಲಿ ಜನರನ್ನು ದಾಟಿಸಿ ರೂಢಿ ಇದ್ದವರು. ನಾಲ್ಕನೇ ದಿನ ಎಂಟು ಜನ ಹೊರಟೆವು. ದಿಕ್ಸೂಚಿಯ ಪರೀಕ್ಷೆ, ಅದಕ್ಕೆ ಎಲ್ಲರ ಮೊಬೈಲೂ ಚೀಲದೊಳಗೆ. ಮುಂದೆ ಬಸಗೌಡ ಸರ್.

ಘಟಪ್ರಭೆ ಫಾಲ್ಸಿನಲ್ಲಿ ಬೀಳುವುದನ್ನು ನೋಡಿ ಬೆಳೆದವಳಿಗೆ ನೀರೆಂದರೆ ಸದ್ದು. ಇಲ್ಲಿ ಸದ್ದೇ ಇಲ್ಲ. ಕಾಲ ಕೆಳಗೆ ಮಣ್ಣು ಪಿಚಕ್ ಪಿಚಕ್ ಅನ್ನುವುದೊಂದೇ. ದಾರಿಯ ಗುರುತಿಗೆ ನೆಟ್ಟ ಮೊದಲ ಮರದ ಗೂಟದ ತನಕ ನಾನು ಬಾಜೂ ಇದ್ದೆ, ಅಂಕಿ ಹೇಳಿದೆ, ಚೆಂದವಾಗಿ ಮುಟ್ಟಿದೆವು. ಗೂಟದ ಹತ್ತಿರ ತೆರೇಸಾಳ ಬೂಟು ಮಣ್ಣಿನಲ್ಲಿ ಹೂತು, ಎಳೆಯಲು ಹೋಗಿ ಪಾದ ಉಳುಕಿತು. ಕಿರ್ಸ್ಟನ್ ನನ್ನನ್ನು ಕರೆದು, “ನಾವಿಬ್ಬರೂ ಇವಳಿಗೆ ಹೆಗಲು ಕೊಟ್ಟು ಹಿಂದೆ ಬರೋಣ, ಮುಂದೆ ಬಸಗೌಡ ಇದ್ದಾರಲ್ಲ,” ಎಂದರು. ಮುಂದಿನ ದಿಕ್ಕಿನ ಅಂಕಿ ಬರೆದ ಚೀಟಿಯನ್ನು ಸರ್ ಕೈಗೆ ಕೊಟ್ಟರು.

ಸರ್ ಚೀಟಿಯನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು. ನಾನು ಹಿಂದಿನಿಂದ ಕೂಗಿದೆ. “ಎಷ್ಟೈತ್ರಿ ಸರ್?”

“ನನಗ ಕಾಣತೈತಿ. ನೀ ಆಕೀನ್ನ ಹಿಡಕೋ,” ಎಂದು ತಿರುಗಿ ಕೂಗಿದರು. ಹೊರಟೆವು.

ಹತ್ತು ನಿಮಿಷಕ್ಕೆ ಸಮುದ್ರದ ಕಡೆಯಿಂದ ಮಂಜು ಬಂತು. ಅರಳೆ ಚೀಲ ಬಿಚ್ಚಿ ಸುರಿದಂತೆ. ಮುಂದೆ ನಡೆಯುವವರು ಬೆನ್ನಿಲ್ಲದ ಕಾಲುಗಳಾದರು. ಆಗಲೇ ನನಗೆ ತಿಳಿದದ್ದು. ಗೂಟದ ತನಕ ಗಾಳಿ ನನ್ನ ಎಡಗೆನ್ನೆಗೆ ಬಡಿಯುತ್ತಿತ್ತು. ಗೂಟದಿಂದಾಚೆಗೂ ದಾರಿ ಹೆಚ್ಚುಕಡಿಮೆ ಅದೇ ನೇರಕ್ಕೆ ಇರಬೇಕಿತ್ತು, ಈಗ ಗಾಳಿ ನೆಟ್ಟಗೆ ಮೂಗಿಗೆ ಬಡಿಯುತ್ತಿತ್ತು. ದಿಕ್ಕು ತಪ್ಪಿದಾಗ ಮೊದಲು ಗಾಳಿಯನ್ನು ಕೇಳು ಎಂದು ಕಲಿಸಿದವರು ಬಸಗೌಡ ಸರ್.

ಸ್ಕೌಟ್ ನಿಯಮದಲ್ಲಿ ಮೊದಲನೆಯದು, ಸ್ಕೌಟ್ ವಿಶ್ವಾಸಕ್ಕೆ ಅರ್ಹ. ಎರಡನೆಯದು, ಸ್ಕೌಟ್ ನಿಷ್ಠಾವಂತ. ಬೆಳಗಿನ ಪ್ರಾರ್ಥನೆಯಲ್ಲಿ ಒಂದರ ಬೆನ್ನಿಗೆ ಒಂದು ಹೇಳುತ್ತೇವೆ. ನಿಯಮ ಬರೆದ ಸಾಹೇಬನಿಗೆ ಇವೆರಡೂ ಎಂದಾದರೂ ಜಗಳ ಆಡಬಹುದು ಎಂದು ಹೊಳೆದಂತಿಲ್ಲ.

ನಾನು ಸುಮ್ಮನೆ ನಡೆದೆ. ಗಾಳಿಯೇ ತಿರುಗಿರಬಹುದು ಅಂದುಕೊಂಡೆ. ಸರ್ ಸರಿಮಾಡಿಕೊಂಡಾರು ಅಂದುಕೊಂಡೆ. ಐದು ರೊಟ್ಟಿ ತಿಂದವರನ್ನು ಪರದೇಶದ ಮಂದಿಯ ಮುಂದೆ ಕುರುಡ ಅನ್ನುವುದು ಹೇಗೆ ಅಂದುಕೊಂಡೆ. ಕಿರ್ಸ್ಟನ್ ಒಮ್ಮೆ ಮುಂದಕ್ಕೆ ಕೂಗಿ ಕೇಳಿದರು, “ದಿಕ್ಕು ಸರಿ ಇದೆಯೇ, ಬಸಗೌಡ?” ಮಂಜಿನೊಳಗಿಂದ ಸರ್‌ರ ಇಂಗ್ಲಿಷು ಗಟ್ಟಿಯಾಗಿ ಬಂತು, “ಹಂಡ್ರೆಡ್ ಪರ್ಸೆಂಟ್, ಮೇಡಂ!”

ಆಗ ಪಾದಕ್ಕೆ ತಣ್ಣಗೆ ಹತ್ತಿತು. ನೀರು ಎದುರಿನಿಂದ ಬರಲಿಲ್ಲ. ಬಗಲಿನಿಂದ, ಹಿಂದಿನಿಂದ, ಸದ್ದಿಲ್ಲದೆ, ಹೊಲಕ್ಕೆ ಕಾಲುವೆ ನೀರು ಹಾಯಿಸಿದ ಹಾಗೆ ಹರಿದು ಬಂತು. ಸಣ್ಣದೊಂದು ಏಡಿ ನನ್ನ ಬೂಟಿನ ಮೇಲೆ ಹತ್ತಿ ಆ ಕಡೆ ಇಳಿದುಹೋಯಿತು. ಅದಕ್ಕೆ ದಾರಿ ಗೊತ್ತಿತ್ತು.

“ಕಿರ್ಸ್ಟನ್, ದಿಕ್ಕು ತಪ್ಪಿದ್ದೇವೆ,” ಎಂದೆ. “ಸರ್‌ಗೆ ಕಣ್ಣು ಕಾಣುವುದಿಲ್ಲ. ಚೀಟಿ ಓದಲು ಆಗುವುದಿಲ್ಲ ಅವರಿಗೆ.” ಆಮೇಲೆ ಮುಂದಕ್ಕೆ, ಕನ್ನಡದಲ್ಲಿ, ಜೀವಮಾನದಲ್ಲಿ ಒಮ್ಮೆಯೂ ಒದರದಷ್ಟು ಜೋರಾಗಿ ಒದರಿದೆ. “ಸರ್! ನಿಂದರ್ರಿ! ಒಂದ್ ಹೆಜ್ಜಿ ಮುಂದ ಇಡಬ್ಯಾಡ್ರಿ!”

ಎಲ್ಲರೂ ನಿಂತರು. ಕಿರ್ಸ್ಟನ್ ಚೀಲದಿಂದ ಮೊಬೈಲ್ ತೆಗೆದು ನೋಡಿದರು. ಎಷ್ಟು ಓದಿದಿರಿ ಎಂದು ಕೇಳಿದಾಗ ಸರ್, “ಟೂ ಥರ್ಟಿ, ಮೇಡಂ,” ಎಂದರು. ಚೀಟಿಯಲ್ಲಿದ್ದದ್ದು ಇನ್ನೂರ ಎಂಬತ್ತು. ಸರ್ ಎಂಟನ್ನು ಮೂರು ಎಂದು ಓದಿ, ಎಂಟೂ ಜನರನ್ನು ತುಂಬು ಸಮುದ್ರದ ಕಡೆಗೆ ಕವಾಯತು ಮಾಡಿಸುತ್ತಿದ್ದರು.

ದ್ವೀಪದ ಆಸೆ ಬಿಟ್ಟು ದಂಡೆಗೆ ತಿರುಗಿದೆವು. ಒಬ್ಬರ ಕೈ ಒಬ್ಬರು ಹಿಡಿದು, ಅವಸರದ ಹೆಜ್ಜೆ. ಬರುವಾಗ ಒಣಗಿದ್ದ ಕಾಲುವೆಯಲ್ಲಿ ಈಗ ತೊಡೆಮಟ್ಟ ನೀರು ಎಳೆಯುತ್ತಿತ್ತು. ತೆರೇಸಾಳನ್ನು ಇಬ್ಬರು ಎತ್ತಿಕೊಂಡರು. ನನ್ನ ಒಂದು ಕೈಯಲ್ಲಿ ಸರ್‌ರ ಕೈ ಇತ್ತು.

ಶಿಬಿರ: ಬಿಸಿ ನೀರಿನ ಬಕೀಟು

ದಂಡೆ ಮುಟ್ಟಿ, ಕಂಬಳಿ ಹೊದ್ದು, ಬಿಸಿ ನೀರಿನ ಬಕೀಟಿನಲ್ಲಿ ಕಾಲಿಟ್ಟು ಕೂತೆವು. ಬೈಗುಳ ಸರ್‌ಗೆ ಬೀಳುತ್ತದೆಂದು ನಾನು ಎಣಿಸಿದ್ದೆ. ಕಿರ್ಸ್ಟನ್ ಬಂದು ನಿಂತದ್ದು ನನ್ನ ಮುಂದೆ. ಡೆನ್ಮಾರ್ಕಿನವರು ಸಿಟ್ಟು ಬಂದರೆ ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಅದು ಇನ್ನೂ ಕೆಟ್ಟದ್ದು.

“ಕಣ್ಣು ಕಾಣದವರು ದಿಕ್ಕು ತಪ್ಪುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ನಿನಗೆ ಕಣ್ಣು ಕಾಣುತ್ತಿತ್ತು. ನೀನು ಯಾಕೆ ಸುಮ್ಮನಿದ್ದೆ?”

“ನಾನು ಮಾತು ಕೊಟ್ಟಿದ್ದೆ,” ಎಂದೆ.

“ಉಳಿದ ಆರು ಜನಕ್ಕೆ ನೀನು ಏನೂ ಕೊಟ್ಟಿರಲಿಲ್ಲವೇ?”

ಬಕೀಟಿನ ನೀರು ನೋಡುತ್ತ ಕೂತೆ. ಇಷ್ಟು ವರ್ಷ ನಿಷ್ಠೆ ಎಂದು ನಾನು ಬೆನ್ನು ತಟ್ಟಿಕೊಂಡದ್ದರಲ್ಲಿ ಎಷ್ಟು ಪಾಲು ಬರೇ ಸಂಕೋಚವಿತ್ತೋ ಎಂದು ಮೊದಲ ಸಲ ಅನುಮಾನ ಬಂತು.

ಅಷ್ಟರಲ್ಲಿ ಬಾಜೂದ ಬಕೀಟಿನಿಂದ ಸರ್ ಎದ್ದರು. ಪ್ಯಾಂಟು ಮೊಣಕಾಲ ತನಕ ಮಡಚಿತ್ತು, ಮೈಮೇಲೆ ಹೂವಿನ ಚಿತ್ರದ ಕಂಬಳಿ. ಆ ವೇಷದಲ್ಲೇ ಅಟೆನ್ಷನ್ನಿಗೆ ಬಂದು ಸೆಲ್ಯೂಟ್ ಹೊಡೆದರು.

“ಮೇಡಂ, ಶೀ ಈಸ್ ಅಂಡರ್ ಮೈ ಆರ್ಡರ್. ಯು ಸ್ಕೋಲ್ಡ್ ಮೀ.”

ಕಿರ್ಸ್ಟನ್ ಅವರ ಕಡೆ ತಿರುಗಿದರು. ಆಮೇಲೆ ಹತ್ತು ನಿಮಿಷ ತಗ್ಗಿದ ದನಿಯಲ್ಲಿ ಸರ್‌ಗೆ ಬೈದರು. ಸರ್ ಕೊನೆಯ ತನಕ ಕೈ ಇಳಿಸಲಿಲ್ಲ. ಮುಗಿದ ಮೇಲೆ, “ಥ್ಯಾಂಕ್ಯೂ, ಮೇಡಂ,” ಎಂದು ಮತ್ತೆ ಬಕೀಟಿನಲ್ಲಿ ಕಾಲಿಟ್ಟರು. ನನ್ನ ಕಡೆ ನೋಡದೆ ಹೇಳಿದರು:

“ಭಾಳ ತಡಾ ಮಾಡಿದಿ.”

“ನೀವ ಮಾತು ತಗೊಂಡಿದ್ರೆಲ್ರಿ.”

“ತಗೊಂಡಿದ್ದೆ. ನನ್ನ ಬುದ್ಧಿ ಮಣ್ಣ ತಿಂದಿತ್ತು. ನಿಂದೂ ತಿನ್ನಬೇಕಿತ್ತೇನ?”

ಅಷ್ಟೇ. ಕ್ಷಮೆ ಕೇಳುವ ಬಗೆಯಲ್ಲಿ ಹುಕ್ಕೇರಿಯ ಗೌಡರು ಇದಕ್ಕಿಂತ ಮುಂದೆ ಹೋದ ಉದಾಹರಣೆ ನನಗೆ ಗೊತ್ತಿಲ್ಲ.

ದ್ವೀಪ

ಕೊನೆಯ ದಿನ ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು. ಕಿರ್ಸ್ಟನ್ ಇನ್ನೊಮ್ಮೆ ದ್ವೀಪಕ್ಕೆ ಹೊರಟರು. ಸರ್ ಬರುವುದು ಬೇಡವೆಂದು ಅವರು ಹೇಳಲಿಲ್ಲ. ದಿಕ್ಸೂಚಿಯನ್ನು ಮಾತ್ರ ನನ್ನ ಕೈಗೆ ಕೊಟ್ಟು, “ಇವತ್ತು ನೀನು ಮುಂದೆ. ನಾನು ನಿನ್ನ ಬೆನ್ನಿಗೇ ಇರುತ್ತೇನೆ,” ಎಂದರು. ಅವರ ಕೈಯಲ್ಲಿ ಮೊಬೈಲ್ ಬಹಿರಂಗವಾಗಿಯೇ ಇತ್ತು.

ನಾನು ಸರ್ ಕಡೆ ನೋಡಿದೆ. ಇಷ್ಟು ವರ್ಷದಲ್ಲಿ ಅವರು ಯಾರ ಹಿಂದೆಯೂ ನಡೆದದ್ದನ್ನು ನಾನು ಕಂಡಿರಲಿಲ್ಲ. ದೇವರ ಪಲ್ಲಕ್ಕಿಗೂ ಎರಡು ಹೆಜ್ಜೆ ಮುಂದೆಯೇ ಇರುವ ಮನುಷ್ಯ. ಬಂದು ನನ್ನ ಚೀಲದ ಪಟ್ಟಿ ಹಿಡಿದರು.

“ನಡೀ.”

ನಡೆದೆ. ಹತ್ತು ಹೆಜ್ಜೆಗೊಮ್ಮೆ ಹಿಂದಿನಿಂದ, “ಎಷ್ಟೈತಿ?” “ದಿಕ್ಸೂಚಿ ಎದಿ ಮಟ ಹಿಡಿ, ಹೊಟ್ಟಿಗಲ್ಲ.” “ಬರೇ ಕಾಲ ನೋಡ್ಕೋತ ಹೋಗಬ್ಯಾಡ, ದೂರದ್ದೊಂದು ಗುರ್ತಾ ಹಿಡಿ.” ಹಿಂದೆ ಬಂದದ್ದು ಅವರ ಕಾಲು ಮಾತ್ರ, ಬಾಯಿ ಮುಂದೆಯೇ ಇತ್ತು. ನಡುವೆ ಒಂದು ಕಾಲುವೆಯ ಹತ್ತಿರ ನಾನು ನಿಂತೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ.

“ಏನಾತು?”

“ಗೊತ್ತಾಗವಲ್ತರಿ ಸರ್.”

“ಮತ್ತ ಹಂಗಂತ ಹೇಳು ಮಂದಿಗೆ. ನನ್ನ ಹಂಗ ಹಂಡ್ರೆಡ್ ಪರ್ಸೆಂಟ್ ಅನಬ್ಯಾಡ.”

ನಾನು ತಿರುಗಿ ಎಲ್ಲರ ಮುಂದೆ, ಗೊತ್ತಾಗುತ್ತಿಲ್ಲ ಎಂದೆ. ಆಕಾಶ ಕಳಚಿ ಬೀಳಲಿಲ್ಲ. ಕಿರ್ಸ್ಟನ್ ಕೈ ಮಾಡಿ ದಾರಿ ತೋರಿಸಿದರು. ಎರಡು ತಾಸಿಗೆ ದ್ವೀಪ ಮುಟ್ಟಿದೆವು. ಅಲ್ಲಿ ಇದ್ದದ್ದು ಹುಲ್ಲು, ಗಾಳಿ, ಮತ್ತು ನಮ್ಮನ್ನು ಕಂಡು ಒಂದಿಷ್ಟೂ ಬೆರಗಾಗದ ಕುರಿಗಳು. ಸರ್ ಅವುಗಳತ್ತ ಕಣ್ಣು ಕಿರಿದು ಮಾಡಿ ನೋಡಿದರು.

“ಇವೇನು? ಅರಳಿ ಚೀಲಾನ?”

“ಕುರಿ ರೀ ಸರ್. ಖರೇನ ಕುರಿ.”

ಹುಕ್ಕೇರಿ

ಬಂದ ತಿಂಗಳೊಪ್ಪತ್ತಿನಲ್ಲಿ ಸರ್ ಬೆಳಗಾವಿಗೆ ಹೋಗಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ನೋಡಿ ಬರಲು ಮೂಡಲಗಿಯಿಂದ ಹುಕ್ಕೇರಿಗೆ ಹೋದೆ. ಪಡಸಾಲೆ ತುಂಬ ಮಂದಿ. ಕರಿ ಚಷ್ಮಾ ಹಾಕಿಕೊಂಡು ಸರ್ ಡೆನ್ಮಾರ್ಕಿನ ಕಥೆ ಹೇಳುತ್ತಿದ್ದರು. ತಮಗೆ ಕಣ್ಣು ಕಾಣದ್ದನ್ನು ಮುಚ್ಚಿಡಲಿಲ್ಲ, ಎಂಟನ್ನು ಮೂರೆಂದು ಓದಿದ್ದನ್ನೂ ಹೇಳಿದರು. ಕಿರ್ಸ್ಟನ್ ಬೈದದ್ದನ್ನಂತೂ ಸೆಲ್ಯೂಟ್ ಸಮೇತ ಮಾಡಿ ತೋರಿಸಿದರು.

“ಈಕಿ ಒದರಲಿಲ್ಲಂದ್ರ ಎಂಟೂ ಮಂದಿ ಮೀನಿನ ಪಾಲು,” ಎಂದು ನನ್ನ ಕಡೆ ಬೆರಳು ಮಾಡಿದರು. “ನಾ ಬಾಯಿ ಮುಚ್ಚು ಅಂದಿದ್ದೆ. ನನ್ನ ಮಾತು ಮೀರಿ ಒದರಿದ್ಲು. ಶಾಭಾಸ್ ಅನಬೇಕು.”

ನಾನು ಚಹದ ಕಪ್ಪಿನೊಳಗೆ ಮುಖ ಇಟ್ಟೆ.

ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಕಾಕಾಗೆ ಮಾತ್ರ ಸಮಾಧಾನ ಇರಲಿಲ್ಲ. “ಗೌಡ್ರ, ನೀರು ಎಲ್ಲೀಮಟ ಬಂದಿತ್ರಿ?”

“ಎಲ್ಲೀಮಟ ಅಂತೀರಿ? ಕುತಗೀಮಟ!”

“ಕುತಗೀಮಟ ಬಂದ್ರ ಮನುಷ್ಯಾ ನಿಂದರಾಕ ಆಗತೈತೇನ್ರಿ? ಎಳಕೊಂಡ ಹೋಗೂದಿಲ್ಲ?”

ಪಡಸಾಲೆ ನಕ್ಕಿತು. ಸರ್ ಚಷ್ಮಾ ತೆಗೆದರು. ಪೊರೆ ಕಳೆದ ಕಣ್ಣು ತೊಳೆದ ಗೋಲಿಯಂತೆ ಮಿಂಚುತ್ತಿತ್ತು. ಅದನ್ನು ನನ್ನ ಮೇಲೆ ನೆಟ್ಟು ಹೇಳಿದರು:

“ಈಕಿ ಅಲ್ಲೇ ಇದ್ಲು. ಈಕಿನ್ನ ಕೇಳ್ರಿ. ಹೇಳ ಸುಜಾತಾ, ನೀರು ಎಲ್ಲೀಮಟ ಇತ್ತು?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಪ್ಪು ಕೆಳಗಿಟ್ಟೆ. ಈ ಸಲ ಒಂದು ಕ್ಷಣವೂ ತಡ ಮಾಡಲಿಲ್ಲ.

“ಕುತಗೀಮಟ ರೀ ಕಾಕಾ,” ಎಂದೆ. “ಸರ್ ಎತ್ತರ ಅದಾರ. ನನಗ ಮೂಗಿನಮಟ ಬಂದಿತ್ತು.”